ಬಚ್ಚಲಮನೆಯ ಕೆಂಪು ಗೆರೆ

ದೊಡ್ಡ ದೊಡ್ಡ ಸೇತುವೆಗಳನ್ನೇ ಹೇಳಿದ ದಿನಕ್ಕೆ ಮುಗಿಸಿಕೊಟ್ಟ ಯೋಜನಾಧಿಕಾರಿಗಳಿಗೆ ಸ್ವಂತ ಮನೆಯ ಬಚ್ಚಲು ಯಾವ ಲೆಕ್ಕ? ಮಂಡಿ ಆಪರೇಷನ್ ಆಗಿದ್ದ ಅತ್ತೆ, ಕೆಲಸ ಶುರುವಾದ ಹನ್ನೆರಡನೇ ದಿನ ಬರುವವರಿದ್ದರು. ಅವರಿಗೆ ಮೆಟ್ಟಿಲಿಲ್ಲದ, ಜಾರದ ಬಚ್ಚಲಮನೆ ಬೇಕು. "ಹನ್ನೊಂದನೇ ದಿನಕ್ಕೇ ಮುಗಿಸಿಟ್ಟಿರ್ತೀನಿ ಅತ್ತೆ" ಎಂದು ಫೋನಿನಲ್ಲಿ ಮಾತು ಕೊಟ್ಟೂ ಬಿಟ್ಟರು.

ಅಡುಗೆಮನೆಯ ಗೋಡೆಗೆ ಚಾರ್ಟು ಏರಿತು. ಕೆಲಸಕ್ಕೊಂದು ಚೌಕ, ಚೌಕದಿಂದ ಚೌಕಕ್ಕೆ ಬಾಣ. ಹಳೆಯದನ್ನು ಒಡೆಯುವುದು, ಪೈಪು, ನೆಲಕ್ಕೆ ಸಿಮೆಂಟ್, ಒಣಗುವುದು, ಟೈಲ್ಸ್, ನಲ್ಲಿ: ಒಂದರ ಬಾಲ ಹಿಡಿದು ಇನ್ನೊಂದು. ಇದರಲ್ಲಿ ಎಲ್ಲೇ ಒಂದು ದಿನ ತಪ್ಪಿದರೂ ಅತ್ತೆಯವರೆಗೆ ತಪ್ಪುತ್ತದೆ. ಅದೇ ಕ್ರಿಟಿಕಲ್ ಪಾತ್, ಅದಕ್ಕೇ ಕೆಂಪು ಗೆರೆ. ಬಡಗಿಯ ಬಾಗಿಲು ಮಾತ್ರ ಪಕ್ಕದ ಹಸಿರು ಗೆರೆಯ ಮೇಲೆ ಮೂರು ದಿನದ ಬಿಡುವಿಟ್ಟುಕೊಂಡು ಹಾಯಾಗಿತ್ತು.

ಯಾರೇ ನಾಲ್ಕು ದಿನ ಎನ್ನಲಿ, ಒಂದು ದಿನವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಾತಾಡುತ್ತಾರೆಂಬುದು ಅಧಿಕಾರಿಗಳ ಅನುಭವವಾಣಿ.

"ಒಣಗೋಕೆ ನಾಲ್ಕು ದಿನ ಯಾಕಪ್ಪಾ ಮೇಸ್ತ್ರಿ? ಅಷ್ಟು ದಿನ ನೀನೇನ್ ಮಾಡ್ತೀಯ?"

"ನಾನೇನೂ ಮಾಡಲ್ಲ ಸಾರ್. ಸಿಮೆಂಟ್ ಮಾಡತ್ತೆ."

ಉತ್ತರ ಅಷ್ಟು ಸಲೀಸಾಗಿ ಬಂದದ್ದೇ ಅನುಮಾನಕ್ಕೆ ಗೊಬ್ಬರವಾಯಿತು.

ನಾಲ್ಕನೇ ದಿನ ನೆಲ ಹಾಕಿದ್ದಾಯಿತು. ಮರುದಿನ ನೋಡಲು ಬಂದ ಮೇಸ್ತ್ರಿ ಬಾಗಿಲಲ್ಲೇ ನಿಂತ. "ಯಾರೋ ಅದುಮಿದಾರೆ ಸಾರ್. ಇಲ್ಲಿ ನೀರು ನಿಲ್ಲತ್ತೆ. ಕಿತ್ತು ಹೊಸದಾಗಿ ಹಾಕ್ಬೇಕು, ಮತ್ತೆ ನಾಲ್ಕು ದಿನ."

ಕೆಂಪು ಗೆರೆ ಒಂದು ದಿನ ಮುಂದೆ ತೆವಳಿ ಅತ್ತೆಯ ಕಾಲಬುಡಕ್ಕೆ ಬಂತು. ಅಧಿಕಾರಿಗಳು ಪತ್ತೇದಾರಿಕೆಗಿಳಿದರು. ಇದರಿಂದ ಯಾರಿಗೆ ಲಾಭ? ಬಾಗಿಲು ಮುಗಿಸದ ಬಡಗಿಗೆ. ನೆಲ ಹಸಿಯಾಗಿದ್ದಷ್ಟೂ ಅವನ ಬಿಡುವು ಬೆಳೆಯುತ್ತದಲ್ಲ.

"ಬಡಗಿ ಈ ಮನೆ ಕಡೆ ತಲೆನೇ ಹಾಕಿಲ್ವಲ್ರೀ" ಎಂದಳು ಹೆಂಡತಿ.

"ನನಗೂ ಅದೇ ಅನುಮಾನ ಕಣೇ. ಯಾಕೆ ಹಾಕಿಲ್ಲ?"

ಮೇಸ್ತ್ರಿ ಗೊಣಗುತ್ತ ನೆಲ ಮತ್ತೆ ಹಾಕಿದ. ಮರುದಿನ ಮತ್ತೆ ಅಲ್ಲೇ ಕುಳಿ. ಮೂರನೇ ಸಲ ಹಾಕುವಾಗ ಅವನು ಗೊಣಗಲೂ ಇಲ್ಲ.

ಅದರ ಮಾರನೇ ಬೆಳಿಗ್ಗೆ ಹೆಂಡತಿ ಪೊರಕೆ ಹಿಡಿದು ಬಂದರೆ, ಗಂಡ ಬಾಗಿಲ ಚೌಕಟ್ಟಿಗೆ ಜೋತುಬಿದ್ದು, ಒಂದು ಕಾಲನ್ನು ಒಳಗೆ ಚಾಚಿ, ಹೆಬ್ಬೆರಳಿನಿಂದ ನೆಲ ಒತ್ತುತ್ತಿದ್ದರು.

"ಏನ್ರೀ ಇದು?"

"ಪರೀಕ್ಷೆ. ಒಣಗಿದ್ರೂ ಒಣಗಿಲ್ಲ ಅಂತ ಮೇಸ್ತ್ರಿ ಒಂದು ದಿನ ನುಂಗ್ತಿದಾನಾ ಅಂತ ನೋಡ್ತಿದೀನಿ."

"ನಿನ್ನೆನೂ ನೋಡಿದ್ರಾ?"

"ದಿನಾ ನೋಡ್ತೀನಿ. ಆದ್ರೆ ಮೆತ್ತಗೆ. ಅದುಮೋದೇ ಬೇರೆ, ಪರೀಕ್ಷೆ ಮಾಡೋದೇ ಬೇರೆ."

ಹೆಂಡತಿ ಸೀದಾ ಚಾರ್ಟಿನ ಬಳಿ ಹೋಗಿ, 'ಒಣಗುವುದು' ಎಂಬ ಚೌಕಕ್ಕೆ ಮುಂಚೆ ಕೆಂಪಿನಲ್ಲಿ ಹೊಸದೊಂದು ಚೌಕ ಬರೆದಳು: 'ಇವರನ್ನು ಸಾಗಹಾಕುವುದು.' ಆಮೇಲೆ ಅಮ್ಮನಿಗೆ ಫೋನ್ ಮಾಡಿದಳು.

ಮಧ್ಯಾಹ್ನದ ಹೊತ್ತಿಗೆ ಅಧಿಕಾರಿಗಳು ಚೀಲ ಹಿಡಿದು ಅತ್ತೆಯ ಮನೆಯಲ್ಲಿದ್ದರು. ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದ ಅತ್ತೆ, ಇನ್ನೊಂದು ಸ್ಟೂಲನ್ನು ಊರುಗೋಲಿನಿಂದ ಅಳಿಯನತ್ತ ತಳ್ಳಿದರು.

"ಬನ್ನಿ ಅಳಿಯಂದಿರೇ, ನಾನು ನಿಧಾನಕ್ಕೆ ಬಂದ್ರಾಯ್ತು. ನನಗೆ ಡಾಕ್ಟರು ಹೇಳಿದಾರೆ, ನಿಮಗೆ ನನ್ನ ಮಗಳು ಹೇಳಿದಾಳೆ. ನಾಲ್ಕು ದಿನ ಇಬ್ರೂ ಕಾಲು ಕೆಳಗಿಡೋ ಹಾಗಿಲ್ಲ."