ಗುಡ್ಡದ ನೆತ್ತಿಯ ಕೆಂಪು ಮಚ್ಚೆ

ಉಪಗ್ರಹ ತೆಗೆದ ಚಿತ್ರದಲ್ಲಿ ಗುಡ್ಡದ ನೆತ್ತಿಯ ಮೇಲೊಂದು ಕೆಂಪು ಮಚ್ಚೆ ಕಂಡದ್ದೇ ತಡ, ಲಾಂಡ್ರಿಯವನ ಗ್ರಹಚಾರ ಕೆಟ್ಟಿತು. ಕೆಂಪೆಂದರೆ ಹೊಗೆ. ಅಲ್ಲಿ ಇದ್ದದ್ದು ಅವನ ಲಾಂಡ್ರಿಯೊಂದೇ, ಆಸ್ಪತ್ರೆಯ ಬಟ್ಟೆಗೆ ನೀರು ಕಾಯಿಸುವ ಬಾಯ್ಲರ್ ಒಂದೇ.

ಬೆಳಿಗ್ಗೆ ಪರಿಸರ ಇಲಾಖೆಯ ಅಧಿಕಾರಿ ಅರಗು, ದಾರ ಹಿಡಿದು ಬಂದರು. ಬಾಯ್ಲರಿಗೆ ಮುದ್ರೆ ಬಿದ್ದರೆ ಆಸ್ಪತ್ರೆಯ ಕೆಲಸ ಹೋಯಿತು; ಅದು ಹೋದರೆ ಊಟವೂ ಹೋಯಿತು. ಅವರ ಬೆನ್ನಿಗೇ ಕಣಿವೆಯ ಜನ ಏದುಸಿರು ಬಿಡುತ್ತ ಗುಡ್ಡ ಹತ್ತಿದರು.

"ರಾತ್ರಿಯೆಲ್ಲ ಕೆಮ್ಮಿ ಸಾಯ್ತಿದೀವಿ, ನಿನ್ನ ಬಾಯ್ಲರ್ ದೆಸೆಯಿಂದ!" ಎಂದ ದರ್ಜಿ.

"ಸ್ಯಾಟಲೈಟ್ ಸುಳ್ಳು ಹೇಳುತ್ತಾ?" ಎಂದ ಇಟ್ಟಿಗೆ ಗೂಡಿನ ಯಜಮಾನ. ಅವನ ಗೂಡು ಕೆಳಗೆ ಹಗಲೂ ರಾತ್ರಿ ಹಳೇ ರೈಲಿನಂತೆ ಹೊಗೆ ಉಗುಳುತ್ತಿತ್ತು.

"ನಿನ್ನ ಗೂಡೇನು ಅತ್ತರು ಉಗುಳುತ್ತೇನಯ್ಯಾ?" ಎಂದು ಲಾಂಡ್ರಿಯವನು ಕೈ ಬೀಸಿದ. ಕೈ ತಾಗಿ ಹಗ್ಗ ಕಿತ್ತುಹೋಯಿತು. ಒಣಗಲು ಹಾಕಿದ್ದ ಹೊದಿಕೆ ಅಧಿಕಾರಿಯನ್ನು ಕೋಳಿ ಮುಚ್ಚುವ ಬುಟ್ಟಿಯಂತೆ ಮುಚ್ಚಿತು.

"ಮುಗೀತು ನಮ್ಮ ಕತೆ!" ಎಂದು ಲಾಂಡ್ರಿಯವನ ಹೆಂಡತಿ ಹಣೆ ಚಚ್ಚಿಕೊಂಡಳು.

ಅಧಿಕಾರಿ ಹೊರಬಂದಾಗ ಮುಖ ಕಾವಲಿಯ ತಳದಂತಿತ್ತು. ಬೈಯಲು ಬಾಯಿ ತೆರೆದವರು ಹೊದಿಕೆ ತಿರುಗಿಸಿ ನೋಡಿದರು. ಬಾಯ್ಲರ್ ಕಡೆಯ ಮಗ್ಗುಲು ಬಿಳುಪು. ಕಣಿವೆಯ ಕಡೆಯ ಮಗ್ಗುಲು ಮಸಿ.

"ಹೊಗೆ ಇವನದಲ್ಲ, ಗೂಡಿನದು," ಎಂದರು. "ಹಗಲು ಗುಡ್ಡ ಬಿಸಿಯಾಗಿ ಗಾಳಿ ಮೇಲೇರುತ್ತೆ, ರಾತ್ರಿ ತಣ್ಣಗಾಗಿ ಕೆಳಗಿಳಿಯುತ್ತೆ. ಉಪಗ್ರಹ ಹಾಯೋದು ಮಧ್ಯಾಹ್ನ. ಆಗ ನಿಮ್ಮ ಹೊಗೆಯೆಲ್ಲ ಇಲ್ಲಿರುತ್ತೆ!"

ಲಾಂಡ್ರಿಯವನು ಮದುಮಗನಂತೆ ಎದೆಯುಬ್ಬಿಸಿದ. "ಕೇಳಿಸ್ತೇನ್ರೋ?"

ಕೇಳಿಸಿತ್ತು. ಗೂಡಿನ ಯಜಮಾನ ಗಡ್ಡ ಕೆರೆದುಕೊಂಡ. "ಅಂದ್ರೆ ಸ್ವಾಮೀ, ರಾತ್ರಿ ಆರಿಸಿ ಹಗಲೇ ಎರಡರಷ್ಟು ಉರಿಸಿದ್ರೆ ನಮ್ಮ ಜನಕ್ಕೆ ಕೆಮ್ಮೇ ಇರಲ್ವಾ?"

"ಇರಲ್ಲ. ಆದರೆ ಮೇಲೆ..."

ಮುಂದಿನದನ್ನು ಯಾರೂ ಕೇಳಲಿಲ್ಲ. "ಹಗಲೇ ಉರಿಸಣ್ಣಾ!" ಎಂದು ಕೂಗುತ್ತ ಯಜಮಾನನನ್ನು ಹೆಗಲ ಮೇಲೆ ಹೊತ್ತರು. ಅಧಿಕಾರಿ ಅರಗು ಜೇಬಿಗಿಟ್ಟು ಮುಖ ತೊಳೆಯಲು ಹೋದರು. ಮಧ್ಯಾಹ್ನಕ್ಕೆ ಗುಡ್ಡದ ಮೇಲೆ ಗಂಡನ ಮುಖ ಹೆಂಡತಿಗೆ ಕಾಣದಷ್ಟು ಹೊಗೆ ಕವಿಯಿತು.

ಸಂಜೆ ದರ್ಜಿ ಕೆಮ್ಮುತ್ತ ಮತ್ತೆ ಬಂದ. ಈ ಸಲ ಬಲು ನಯ.

"ಅಣ್ಣಾ, ತಪ್ಪು ತಿಳೀಬೇಡ. ಕೆಳಗೆ ಈಗ ಗಾಳಿ ಹಾಲಿನಷ್ಟು ಶುದ್ಧ. ಬಟ್ಟೆ ಇನ್ಮೇಲೆ ಅಲ್ಲೇ ಒಗೆಸ್ತಾರಂತೆ ಆಸ್ಪತ್ರೆಯವರು. ನನ್ನ ಭಾಮೈದನಿಗೆ ಕೊಟ್ಟಿದ್ದಾರೆ."

"ಅದನ್ನ ಹೇಳೋಕೆ ಇಷ್ಟು ದೂರ ಹತ್ತಿದೆಯಾ?"

"ಇಲ್ಲಣ್ಣಾ," ಎಂದ ದರ್ಜಿ. "ಅವನ ಹತ್ರ ಬಾಯ್ಲರ್ ಇಲ್ಲ."