ಧೀರೇಂದ್ರ ಮಾಸ್ತರರ ಬ್ರೌಸರ್ ವ್ರತ

ಗಂಡ-ಹೆಂಡತಿಯ ನಡುವೆ ಅತ್ತೆ ಬರುವುದುಂಟು, ಟಿ.ವಿ. ಬರುವುದುಂಟು, ಇತ್ತೀಚೆಗೆ ಮೊಬೈಲೂ ಬಂದಿದೆ. ನಮ್ಮ ಧೀರೇಂದ್ರ ಮಾಸ್ತರರ ಸಂಸಾರದಲ್ಲಿ ಮಾತ್ರ ನಡುವೆ ಬಂದು ಕೂತದ್ದು ಬಸವನ ಬಾಗೇವಾಡಿ ಮತ್ತು ಸಿಂದಗಿ ಎಂಬ ಎರಡು ಊರು. ಮಾಸ್ತರರು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ. ಅವರ ಹೆಂಡತಿ ಮಂಜರಿ ಇಂಡಿ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾಳೆ. ಎರಡೂ ಭೀಮಾ-ಡೋಣಿ ಶಿಕ್ಷಣ ಮಂಡಳಿಯ ಶಾಲೆಗಳೇ. ‘ಒಂದೇ ಮಂಡಳಿ, ಇವತ್ತಿಲ್ಲ ನಾಳೆ ಒಂದೇ ಊರು’ ಎಂದು ಹಿರಿಯರು ಅಕ್ಷತೆ ಹಾಕುವಾಗ ಹೇಳಿದ್ದರು. ಆ ನಾಳೆಗೆ ಈಗ ಎರಡು ವರ್ಷ ಎಂಟು ತಿಂಗಳು ತುಂಬಿವೆ.

ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನ ಮಂಜರಿ ಬಸ್ಸಿಂದ ಬಸ್ಸಿಗೆ ಹಾರುತ್ತ, ಚೀಲದ ತುಂಬ ಇಂಡಿಯ ಲಿಂಬೆಹಣ್ಣು ಹೊತ್ತು ಬರುತ್ತಾಳೆ. ಭಾನುವಾರ ಮಧ್ಯಾಹ್ನ ಖಾಲಿ ಚೀಲ ಹಿಡಿದು ಹೊರಡುತ್ತಾಳೆ. ಆ ಇಪ್ಪತ್ನಾಲ್ಕು ತಾಸಿನಲ್ಲಿ ಅರ್ಧ ಅತ್ತೆಯ ಪಾಲು, ಕಾಲು ನಿದ್ದೆಯ ಪಾಲು, ಉಳಿದ ಕಾಲು ಮಾಸ್ತರರದು (ಗಣಿತದವರಾದ್ದರಿಂದ ಅವರಿಗೆ ಈ ಲೆಕ್ಕ ಬಾಯಿಪಾಠ). ಮನೆಯಲ್ಲಿ ಲಿಂಬೆ ಉಪ್ಪಿನಕಾಯಿಯ ಭರಣಿ ಏಳಾದವು. ಆದರೆ ಮಾಸ್ತರರಿಗೆ ಬೇಕಾದದ್ದು ಉಪ್ಪಿನಕಾಯಿಯಲ್ಲ. ಶಾಲೆ ಬಿಟ್ಟು ಬಂದು ಚಪ್ಪಲಿ ಕಳಚುವಾಗ ಒಳಗಿನಿಂದ ‘ಬಂದ್ರೇನ್ರಿ?’ ಎಂದು ಕೇಳುವ ಒಂದು ದನಿ ಬೇಕಾಗಿತ್ತು. ಅಷ್ಟಕ್ಕೇ ಅವರ ಜೀವ ಹಂಬಲಿಸುತ್ತಿತ್ತು.

ದಿನಾ ಸಂಜೆ ಆರಕ್ಕೆ ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡುವ ಕಾರ್ಯಕ್ರಮವೇನೋ ಇತ್ತು. ಆದರೆ ಮಾಸ್ತರರ ಬ್ರೌಸರಿನಲ್ಲಿ ಎರಡು ನಿಮಿಷಕ್ಕೊಮ್ಮೆ ಮಂಜರಿಯ ಮುಖ ನಿಂತುಬಿಡುತ್ತಿತ್ತು, ಒಂದು ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು. ಅತ್ತ ನಿಜವಾದ ಮಂಜರಿ ಬೇಸತ್ತು ಹಾಲು ಇಳಿಸಲು ಎದ್ದು ಹೋಗಿರುತ್ತಿದ್ದಳು. ಇತ್ತ ಮಾಸ್ತರರು ಆ ನಿಂತ ಮುಖಕ್ಕೇ ‘ನೀ ಇಲ್ಲದ ಮನಿ ಮನಿ ಅನಿಸವಲ್ದು’ ಎಂಬಂಥ ಮಾತುಗಳನ್ನು ಹೇಳುತ್ತ ಕೂಡುತ್ತಿದ್ದರು. ಕಣ್ಣು ಪಿಳುಕಿಸುವ ಹೆಂಡತಿಯೆದುರು ಅವರಿಗೆ ಇಂಥವು ಬಾಯಿಗೆ ಬರುತ್ತಿರಲಿಲ್ಲ.

ಈ ಬ್ರೌಸರಿನ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಇಂಟರ್ನೆಟ್ಟನ್ನು ತೆರೆದು ತೋರಿಸುವ ಈ ಕಿಟಕಿಗಳಲ್ಲಿ ಎರಡು ಜಾತಿ. ಒಂದು ಕಂಪನಿ ಮಾಡಿದ್ದು. ಅದರ ಒಳಗಿನ ರಚನೆಗೆ ಬೀಗ. ಇನ್ನೊಂದು ಲೋಕದ ನಾನಾ ಮಂದಿ ಕೂಡಿ ಮಾಡಿದ್ದು. ಅದರ ರಚನೆಯನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಮಾಸ್ತರರು ಎರಡನೆಯದರ ಪಕ್ಷ. ಪಕ್ಷವೆಂದರೆ ಸಣ್ಣ ಮಾತಾಯಿತು, ಅದೊಂದು ವ್ರತ. ಡ್ರಿಲ್ ಮಾಸ್ತರರ ಬೀಳ್ಕೊಡುಗೆ ಸಮಾರಂಭದಲ್ಲಿ ಮೈಕು ಹಿಡಿದು, “ಕಂಪನಿಯ ಬ್ರೌಸರನ್ನು ಈ ಕೈ ಎಂದಿಗೂ ಮುಟ್ಟಲಾರದು!” ಎಂದು ಘೋಷಿಸಿದ್ದರು. (ಡ್ರಿಲ್ ಮಾಸ್ತರರ ಬಗ್ಗೆ ಮಾತಾಡಲು ಮರೆತಿದ್ದರು.)

ತಾಯಿ ತುಳಸೀಬಾಯಿಯವರಿಗೂ ಒಮ್ಮೆ ಈ ಜ್ಞಾನ ಹಂಚಲು ಹೋಗಿದ್ದರು. ಅಡಿಗೆಮನೆಯ ಹೊಸ್ತಿಲಾಚೆ ನಿಂತೇ ಹೇಳಬೇಕಾಯಿತು, ಯಾಕೆಂದರೆ ತುಳಸೀಬಾಯಿ ಮಡಿಯಲ್ಲಿದ್ದರು.

“ಅವ್ವಾ, ಕಂಪನಿ ಬ್ರೌಸರ್ ಅಂದ್ರ ಬಾಗಲಾ ಹಾಕಿದ ಅಡಗಿಮನಿ. ಒಳಗ ಏನ ಹಾಕ್ಯಾರ, ಹೆಂಗ ಮಾಡ್ಯಾರ, ಉಣ್ಣವಗ ಗೊತ್ತಾಗಂಗಿಲ್ಲ. ನಂದು ಬಾಗಲಾ ತಗದಿಟ್ಟ ಅಡಗಿಮನಿ. ಯಾರರೆ ಒಳಗ ಬರ್ಲಿ, ನೋಡ್ಲಿ, ಉಪ್ಪು ಕಡಿಮಿ ಆಗಿದ್ರ ಹಾಕ್ಲಿ.”

ತುಳಸೀಬಾಯಿಯವರ ಕೈಯಲ್ಲಿಯ ಸವಟು ನಿಂತಿತು. ಅವರ ಅಡಿಗೆಮನೆಗೆ ಇವತ್ತಿನವರೆಗೆ ಯಾರೂ ಹೇಳದೆ ಕೇಳದೆ ಕಾಲಿಟ್ಟವರಿಲ್ಲ. ಅವರ ಸಾರಿನಪುಡಿಯ ಅಳತೆ ಸ್ವಂತ ಸೊಸೆಗೂ ಗೊತ್ತಿಲ್ಲ.

“ಯಾರರೆ ಬಂದು ಉಪ್ಪು ಹಾಕೂದಾ? ಹಂಗಾದ್ರ ನಾ ಯಾರೋ, ಕಂಪನಿ ಏನು? ಮೂವತ್ತಮೂರು ವರ್ಷ ಬಾಗಲಾ ಹಾಕಿದ ಅಡಗಿಮನ್ಯಾಗಿಂದೇ ಉಂಡು ಬೆಳದಿ. ಹೊಟ್ಟಿ ಕೆಟ್ಟದೇನು ಒಂದಿನಾ?”

ಮಾಸ್ತರರು ಹೊಸ್ತಿಲಿನಿಂದಲೇ ಹಿಂತಿರುಗಿದರು. ಅಂದಿನಿಂದ ತುಳಸೀಬಾಯಿ ಬಹಿರಂಗವಾಗಿ ಕಂಪನಿಯ ಪಕ್ಷ ಸೇರಿದರು.

ಹೀಗಿರುವಾಗ ಮಂಡಳಿಯಿಂದ ಸುತ್ತೋಲೆ ಬಂತು. ಬೇರೆ ಬೇರೆ ಊರಲ್ಲಿರುವ ಗಂಡ-ಹೆಂಡಿರಿಗೆ ಒಂದೇ ಊರಿಗೆ ವರ್ಗ ಕೊಡುವುದೆಂದು ಮಂಡಳಿ ಮನಸ್ಸು ಮಾಡಿತ್ತು. ಎಲ್ಲ ಜಾಲತಾಣದಲ್ಲೇ ಆಗಬೇಕು. ಮಂಜರಿ ಅರ್ಜಿ ಹಾಕಿಬಿಟ್ಟಳು. ಗಂಡನ ಒಪ್ಪಿಗೆ ಪತ್ರ ಶನಿವಾರ ಸಂಜೆ ಐದರೊಳಗೆ ಹೋದರೆ ಮುಗಿಯಿತು.

ಮಾಸ್ತರರು ಸೋಮವಾರ ಸ್ನಾನ-ಸಂಧ್ಯಾವಂದನೆ ಮುಗಿಸಿ, ದೇವರಿಗೆ ಕೈಮುಗಿದು ಕಂಪ್ಯೂಟರಿನ ಮುಂದೆ ಕೂತರು. ಹೆಸರು ತುಂಬಿದರು, ಹೆಂಡತಿಯ ಹೆಸರನ್ನು ಅಗತ್ಯಕ್ಕಿಂತ ನಿಧಾನವಾಗಿ ತುಂಬಿದರು, ‘ಸಲ್ಲಿಸಿ’ ಎಂಬ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಕನ್ನಡಕ ಹಾಕಿಕೊಂಡು ಒತ್ತಿದರು. ಪುಟದ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರಗಳಿದ್ದವು: ಈ ಜಾಲತಾಣ ಕಂಪನಿಯ ಬ್ರೌಸರಿನಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಸಂಜೆ ಆರಕ್ಕೆ ಮಂಜರಿ ಕೇಳಿದಳು: “ಕಳಿಸಿದ್ರೇನ್ರಿ?”

“ಮಂಜರಿ, ಇದು ಬರೇ ಒಂದು ಗುಂಡಿ ಪ್ರಶ್ನೆ ಅಲ್ಲ. ತತ್ವದ ಪ್ರಶ್ನೆ.”

“ಕಂಪನೀದು ಇಳಿಸ್ಕೋರಿ. ಎರಡು ಮಿನಿಟಿನ ಕೆಲಸ. ನಾ ಅದರಾಗೇ ಅರ್ಜಿ ಹಾಕೀನಿ.”

“ನೀನೂ?” ಮಾಸ್ತರರ ದನಿ ಬಿದ್ದುಹೋಯಿತು. “ಎಷ್ಟು ದಿನದಿಂದ?”

“ಲಗ್ನಾಗೂಕಿಂತ ಮೊದಲಿನಿಂದ. ನೋಡ್ರಿ, ಮುದ್ದೇಬಿಹಾಳಕ್ಕ ನಾ ಬರಬೇಕೋ, ನಿಮ್ಮ ತತ್ವ ಬರಬೇಕೋ? ಒಂದು ಹೇಳ್ರಿ.”

“ನೀನೇ ಬರಬೇಕು. ಆದ್ರ…”

ಆ ‘ಆದ್ರ’ಕ್ಕೆ ಮಂಜರಿಯ ಹುಬ್ಬು ಮೇಲೇರಿತು, ಅಲ್ಲೇ ಚಿತ್ರ ನಿಂತಿತು. ಏರಿದ ಹುಬ್ಬಿನ ಮಂಜರಿ ಮಾಸ್ತರರನ್ನು ಕಾಲು ತಾಸು ನೋಡುತ್ತಲೇ ಇದ್ದಳು. ಅಂದು ಅವರಿಗೆ ಆ ಮುಖಕ್ಕೂ ಏನೂ ಹೇಳಲಾಗಲಿಲ್ಲ.

ಸೋಲೊಪ್ಪದ ಮಾಸ್ತರರು ಮಂಗಳವಾರ ಮಂಡಳಿಯ ಕಾರ್ಯದರ್ಶಿಗೆ ನಾಲ್ಕು ಪುಟದ ಪತ್ರ ಬರೆದರು. ಸಾರ್ವಜನಿಕ ಸಂಸ್ಥೆಯ ಬಾಗಿಲು ಸಕಲರಿಗೂ ತೆರೆದಿರಬೇಕು ಎಂಬಲ್ಲಿಂದ ಶುರುಮಾಡಿ, ಲೋಕದಲ್ಲಿ ಚಾಲ್ತಿಯಲ್ಲಿರುವ ಹನ್ನೊಂದು ಬ್ರೌಸರುಗಳ ಪಟ್ಟಿ ಕೊಟ್ಟರು (ಅದರಲ್ಲಿ ನಾಲ್ಕನ್ನು ಮಾಡಿದವರೇ ಮರೆತಿರುವ ಸಂಭವವಿದೆ). ಎರಡು ಬರೆದರೂ ಸಾಕಿತ್ತು; ಪಾಂಡಿತ್ಯ ಬಿಡಲಿಲ್ಲ. ಕೊನೆಗೆ ‘ಈ ಹನ್ನೊಂದರಲ್ಲೂ ಜಾಲತಾಣ ನಡೆಯುವಂತೆ ಮಾಡುವುದು ಕಷ್ಟವೇನಲ್ಲ, ತಿಳಿದವರು ಕೂತರೆ ಆಗುವ ಕೆಲಸ’ ಎಂದು ಗತ್ತಿನಿಂದ ರುಜು ಹಾಕಿದರು.

ಬುಧ, ಗುರು, ಶುಕ್ರ, ಉತ್ತರವಿಲ್ಲ. ಶನಿವಾರ ಮೂರು ಗಂಟೆಗೆ ಮಾಸ್ತರರು ಸುಮ್ಮನೆ ಕಪಾಟು ತೆರೆದರು. ಮದುವೆಯಾದ ವಾರ ಮಂಜರಿಯ ಸೀರೆಗಳಿಗೆಂದು ಎರಡು ಖಾನೆ ಖಾಲಿ ಮಾಡಿ ಹಾಸಿದ್ದ ಪೇಪರು ಹಳದಿಯಾಗಿತ್ತು. ಅದರ ಮೇಲೆ ಈವರೆಗೆ ಒಂದು ಕರ್ಚೀಫೂ ಕೂತಿರಲಿಲ್ಲ. ಅವರು ಕಪಾಟಿನ ಮುಂದೆಯೇ ಕೂತುಬಿಟ್ಟರು.

ಹಿಂದೆ ತುಳಸೀಬಾಯಿ ನಿಂತಿದ್ದರು.

“ಧೀರ್ಯಾ, ನಾನೂ ಮಡಿ ಮಾಡ್ತೀನಿ. ಆದ್ರ ಬಸ್ಸಿನ್ಯಾಗ ಹೋಗೂದು ಬಂದ್ರ ಹೋಗ್ತೀನಿ. ಬಂದು ಸ್ನಾನ ಮಾಡಿದ್ರಾತು. ಮಡಿ ಸಲುವಾಗಿ ಮಂದೀನ್ನ ಬಿಡಲಿಕ್ಕೆ ಆಗ್ತದೇನು? ಏಳು.”

ಮಾಸ್ತರರು ಎದ್ದರು. ಬಸ್ ಸ್ಟ್ಯಾಂಡಿನ ಎದುರು ಅವರ ಹಳೇ ಶಿಷ್ಯ ಬಂದೇನವಾಜನ ಝೆರಾಕ್ಸ್ ಅಂಗಡಿ. ಮುಕ್ತ ಬ್ರೌಸರಿನ ಬಗ್ಗೆ ಅವರ ಉಪನ್ಯಾಸವನ್ನು ಎರಡು ಸಲ ಪೂರ್ತಿ ಕೇಳಿದ, ಊರಿನ ಏಕೈಕ ವ್ಯಕ್ತಿ ಅವನು.

“ಬರ್ರಿ ಸರ್. ಯಾವ ಬ್ರೌಸರ್ ತಗೀಲ್ರಿ?” ಎಂದ, ಏನೂ ಅರಿಯದವನ ಹಾಗೆ.

ಮಾಸ್ತರರು ಆಚೀಚೆ ನೋಡಿ, “ಆ… ಅದು,” ಎಂದರು.

“ಅದಾ?” ಬಂದೇನವಾಜ ನಗು ನುಂಗಿದ. “ಆತ್ರಿ. ಆದ್ರ ನೀವು ಕೈ ಹಚ್ಚಬ್ಯಾಡ್ರಿ ಸರ್. ಮೈಕಿನ್ಯಾಗ ಹೇಳೀರಿ. ನೀವು ಬಾಯಿಲೇ ಹೇಳ್ರಿ, ನಾ ಒತ್ತತೇನಿ. ನಿಮ್ಮ ವ್ರತಾನೂ ಉಳಿತೈತಿ, ಅಕ್ಕಾರೂ ಬರ್ತಾರ.”

ನಾಲ್ಕು ನಲವತ್ತೆಂಟಕ್ಕೆ ‘ಸ್ವೀಕರಿಸಲಾಗಿದೆ’ ಎಂಬ ಹಸಿರು ಅಕ್ಷರ ಮೂಡಿತು. ಮಾಸ್ತರರು ಮನೆಗೆ ಬಂದವರೇ ಯಾರೂ ಹೇಳದಿದ್ದರೂ ತಲೆಮೇಲೆ ನೀರು ಸುರಿದುಕೊಂಡರು.

ಹತ್ತು ದಿನಕ್ಕೆ ಪಟ್ಟಿ ಬಂತು. ಮಂಜರಿ, ಇಂಡಿಯಿಂದ ಮುದ್ದೇಬಿಹಾಳಕ್ಕೆ, ಬರುವ ತಿಂಗಳ ಮೊದಲ ಸೋಮವಾರ ಹಾಜರಾಗತಕ್ಕದ್ದು! ಮಾಸ್ತರರು ಕಪಾಟಿಗೆ ಹೊಸ ಪೇಪರು ಹಾಸಿದರು, ಅದರ ಮೇಲಿನ ತಾರೀಖು ಚೆನ್ನಾಗಿಲ್ಲವೆನಿಸಿ ತೆಗೆದು ಬೇರೆ ಹಾಸಿದರು. ಒಂಬತ್ತನೆಯ ತರಗತಿಗೆ ಹತ್ತನೆಯ ತರಗತಿಯ ಪ್ರಮೇಯ ಹೇಳಿಬಂದರು. ತುಳಸೀಬಾಯಿ ಅಡಿಗೆಮನೆಯಲ್ಲಿ ಒಂದು ಹಲಗೆ ಖಾಲಿ ಮಾಡಿ, “ಬರ್ಲಿ, ಸಾರಿನಪುಡಿ ಅಳತಿ ಹೇಳಿ ಬಿಡ್ತೀನಿ,” ಎಂದರು. ಕಂಪನಿಯೇ ಬೀಗ ತೆಗೆದ ಮೇಲೆ ಇನ್ನೇನು ಬೇಕು!

ನಾಲ್ಕು ದಿನ ಬಿಟ್ಟು ಇನ್ನೊಂದು ಆದೇಶ ಬಂತು, ಮಾಸ್ತರರ ಹೆಸರಿಗೆ.

‘ತಮ್ಮ ನಾಲ್ಕು ಪುಟಗಳ ಪತ್ರವನ್ನು ಮಂಡಳಿಯು ಅತ್ಯಾಸಕ್ತಿಯಿಂದ ಓದಿ, ತಮ್ಮ ವಾದವನ್ನು ಪೂರ್ಣವಾಗಿ ಒಪ್ಪಿದೆ. ತಿಳಿದವರು ತಾವೇ ಎಂದು ಭಾವಿಸಿ, ತಮ್ಮನ್ನು ಮಂಡಳಿಯ ಇಂಡಿ ಕೇಂದ್ರ ಕಚೇರಿಗೆ ಮೊದಲ ಸೋಮವಾರದಿಂದ ನಿಯೋಜಿಸಲಾಗಿದೆ. ತಮ್ಮ ಪಟ್ಟಿಯ ಹನ್ನೊಂದೂ ಬ್ರೌಸರುಗಳಲ್ಲಿ ಜಾಲತಾಣ ಕೆಲಸ ಮಾಡುವವರೆಗೆ ಈ ನಿಯೋಜನೆ ಜಾರಿಯಲ್ಲಿರತಕ್ಕದ್ದು.’

ಕೂಡಲೇ ಫೋನ್ ಮಾಡಿದರೆ ಕಾರ್ಯದರ್ಶಿಗಳು, “ಮಾಸ್ತರ, ಗೆದ್ರಿ ನೀವು! ಇಪ್ಪತ್ತು ವರ್ಷದಾಗ ಮಂಡಳಿ ಒಪ್ಪಿದ ಮೊದಲನೇ ತಕರಾರು ನಿಮ್ಮದೇ,” ಎಂದು ಅಭಿನಂದಿಸಿದರು.

ಭಾನುವಾರ ಮಧ್ಯಾಹ್ನ ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡು. ಇಂಡಿ ಕಡೆಯಿಂದ ಟ್ರಂಕಿನೊಂದಿಗೆ ಮಂಜರಿ ಇಳಿದಳು, ಮುದ್ದೇಬಿಹಾಳದ ಕಡೆಯಿಂದ ಹಾಸಿಗೆ ಸುರುಳಿಯೊಂದಿಗೆ ಮಾಸ್ತರರು ಇಳಿದರು. ಇಬ್ಬರಿಗೂ ಮುಂದಿನ ಬಸ್ಸಿಗೆ ಹನ್ನೆರಡು ನಿಮಿಷವಿತ್ತು. ಅದರಲ್ಲಿ ನಾಲ್ಕು ಬರೇ ನೋಡುವುದರಲ್ಲೇ ಹೋದವು.

“ತಗೋರಿ, ಇಂಡಿ ಖೋಲಿ ಕೀಲಿ,” ಎಂದಳು ಮಂಜರಿ. “ಗ್ಯಾಸ್ ಅರ್ಧ ಅದ. ನಳಾ ದಿನಾ ಬಿಟ್ಟು ದಿನಾ ಬರ್ತದ. ಕಿಡಕಿ ಚಿಲಕಾ ಸಡಲ ಆಗೇದ, ಎತ್ತಿ ಹಾಕ್ರಿ.”

“ಹೂಂ.”

“ಒಂದು ಬ್ರೌಸರಿಗೆ ಎಷ್ಟು ದಿನಾ ಹಿಡೀತದ್ರಿ?”

“ತಿಂಗಳಂತ ಹಿಡದ್ರ…” ಗಣಿತದ ಮಾಸ್ತರರಿಗೆ ಮುಂದಿನದನ್ನು ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ.

ಮಂಜರಿ ಬೆರಳು ಮಡಚುತ್ತ ಹೋದಳು. ಹತ್ತು ಬೆರಳು ಮುಗಿದವು, ಇನ್ನೊಂದು ತಿಂಗಳು ಉಳಿಯಿತು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು.

“ಪಟ್ಟ್ಯಾಗ ಎರಡೇ ಬರದಿದ್ರ ಆಗ್ತಿತ್ತಲ್ರಿ,” ಎಂದಳು. “ನಿಮ್ಮದೊಂದು, ನಂದೊಂದು.”

“ಸಿಂದಗಿ, ಸಿಂದಗಿ!” ಎಂದು ಕಂಡಕ್ಟರು ಕೂಗಿದ. ಮಾಸ್ತರರು ಹಾಸಿಗೆ ಸುರುಳಿ ಎತ್ತಿಕೊಂಡು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರು. ಮಂಜರಿ ಕಣ್ಮರೆಯಾಗುವವರೆಗೆ ಕೈಬೀಸಿದರು. ಆಮೇಲೆ ಸಿಂದಗಿ ಬರುವ ತನಕ, ಕಂಪನಿಗಳ ಆ ಪರಮ ವೈರಿ, ಜಗತ್ತಿನಲ್ಲಿ ಒಂದೇ ಒಂದು ಬ್ರೌಸರ್ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಂಬಲಿಸುತ್ತ ಕೂತಿದ್ದರು. ಅದು ಕಂಪನಿಯದೇ ಆಗಿದ್ದರೂ ಆ ಹೊತ್ತಿಗೆ ಅವರಿಗೆ ನಡೆಯುತ್ತಿತ್ತು.