ಪಾಂಪೆಯವರಿಗೊಂದು ಎಲೆ

ಪ್ರವಾಸದಲ್ಲಿ ಎಲ್ಲಕ್ಕಿಂತ ಸುಖದ ಭಾಗ ಹೊರಡುವ ಮುಂಚಿನದು ಎಂಬುದು ನನ್ನ ನಂಬಿಕೆ. ಹೊರಟ ಮೇಲೆ ಕಾಲು ನೋಯುತ್ತದೆ, ಹೊಟ್ಟೆ ಕೆಡುತ್ತದೆ, ಫೋಟೋ ತೆಗೆಸಿಕೊಂಡರೆ ಸರಿಯಾಗಿ ಆಗಲೇ ಕಣ್ಣು ಮುಚ್ಚಿರುತ್ತದೆ. ಪಾಂಡವಪುರದ ನಮ್ಮ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತವನಿಗೆ ಈ ಯಾವ ತಾಪತ್ರಯವೂ ಇಲ್ಲ. ಹಾಗೆ ಕೂತೇ ನಾನು ಇಟಲಿಯನ್ನು ಬೇಕಾದಷ್ಟು ಸಲ ಸುತ್ತಿದ್ದೇನೆ. ತೊಂಬತ್ತರ ದಶಕದ ನಡುವಿನ ಮಾತು. ರೇಷ್ಮೆಗೂಡಿನಿಂದ ನೂಲು ತೆಗೆಯುವ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಹೊಸ ನಮೂನೆಯ ಯಂತ್ರ ಕಲಿತು ಬರಲು ಇಟಲಿಗೆ ಹೋಗುವ ಅವಕಾಶ, ನನಗಿಂತ ಹಿರಿಯರಾದವರಿಗೆ ವಿಮಾನ ಕಂಡರೆ ಭಯವಿದ್ದ ಕಾರಣ, ನನ್ನ ಪಾಲಿಗೆ ಬಂತು. ತರಬೇತಿ ನೇಪಲ್ಸ್ ಪಟ್ಟಣದ ಹತ್ತಿರ. ನಡುವೆ ಒಂದು ಭಾನುವಾರ ರಜೆ. ಆ ಭಾನುವಾರ ಏನು ಮಾಡಬೇಕೆಂಬ ಯೋಚನೆಯಲ್ಲಿ ಯಂತ್ರದ ವಿಷಯ ನನಗೆ ಮರೆತೇ ಹೋಯಿತು.

ಮೈಸೂರಿನ ಗೆಳೆಯನೊಬ್ಬ ಕೊಟ್ಟ ಚಿತ್ರದ ಪುಸ್ತಕ ನೋಡಿ ಪಾಂಪೆ ಎಂಬ ಪುರಾತನ ಊರನ್ನು ಆರಿಸಿಕೊಂಡೆ. ಬೆಳಿಗ್ಗೆ ರೈಲು ಹತ್ತುವುದು, ಬೀದಿ ಸುತ್ತುವುದು, ಮುರುಕು ಕಂಬದ ನೆರಳಿನಲ್ಲಿ ಕೋಡುಬಳೆ ತಿನ್ನುವುದು, ಸಂಜೆಗೆ ವಾಪಸು. ಕೋಡುಬಳೆಯ ಹೊಣೆಯನ್ನು ನನ್ನ ಹೆಂಡತಿ ಸಾವಿತ್ರಿ ಹೊತ್ತಳು. ಅಡ್ಡಿ ಬಂದದ್ದು ಅವ್ವನಿಂದ.

"ಅಲ್ಲಿ ಯಾವ್ ದೇವ್ರು ಐತ್ಲಾ?" ಎಂದಳು.

"ದೇವರಿಲ್ಲ ಕಣವ್ವ. ಪಾಳು ಬಿದ್ದ ಊರು."

"ಪಾಳು ಬಿದ್ದಿರೋದ್ನ ನೋಡಕ್ಕೆ ಇಮಾನ ಅತ್ಬೇಕೇನ್ಲಾ? ಶ್ರೀರಂಗಪಟ್ಣದಾಗೆ ಕ್ವಾಟೆ ಬಿದ್ದೈತೆ. ಬಸ್ಸತ್ಕಂಡ್ ಓಗಿ ನೋಡ್ಕಂಡು ಮದ್ಯಾನ್ದ ಊಟಕ್ಕೆ ಮನೇಗ್ ಬಂದ್ಬುಡು."

ಇದು ನನಗೆ ಚುರುಕ್ಕೆಂದಿತು. ವಿವರಿಸಲು ಶುರುಮಾಡಿದರೆ ಕೇಳುವವರು ಎದ್ದು ಹೋಗುವವರೆಗೆ ನಿಲ್ಲಿಸದ ಚಾಳಿ ನನ್ನದು. ಹೊತ್ತು ಮುಳುಗಿತ್ತು, ಕರೆಂಟು ಹೋಗಿತ್ತು, ಎದ್ದು ಹೋಗಲು ಅವರಿಗೂ ದಾರಿ ಕಾಣುತ್ತಿರಲಿಲ್ಲ. ದೀಪದ ಬೆಳಕಿನಲ್ಲಿ ಪುಟ ತಿರುಗಿಸುತ್ತಾ ಹೇಳಿದೆ: ಬೆಟ್ಟ ಬೆಂಕಿ ಕಾರಿದ್ದು, ಬಿಸಿ ಬೂದಿ ಊರನ್ನೇ ಮುಚ್ಚಿದ್ದು, ಒಲೆಯಲ್ಲಿಟ್ಟ ರೊಟ್ಟಿ ಒಲೆಯಲ್ಲೇ ಉಳಿದದ್ದು, ಸರಪಳಿ ಹಾಕಿದ್ದ ನಾಯಿ ಕಟ್ಟಿದಲ್ಲೇ ಸತ್ತದ್ದು. ಬೂದಿಯೊಳಗೆ ಮೈ ಕರಗಿ ಬರೀ ಟೊಳ್ಳು ಉಳಿದದ್ದು, ಆ ಟೊಳ್ಳಿಗೆ ಗಾರೆ ಹೊಯ್ದರೆ ಮುಖಕ್ಕೆ ಕೈ ಅಡ್ಡ ಹಿಡಿದ ಮನುಷ್ಯನ ಆಕಾರವೇ ಎದ್ದು ಬಂದದ್ದು. ಸುಲಭವಾಗಿ ತಿಳಿಯಲೆಂದು, "ನಾವು ಗೂಡಿನೊಳಗಿನ ಹುಳುವನ್ನು ಹಬೆ ಕೊಟ್ಟು ಸಾಯಿಸುವುದಿಲ್ಲವೇ, ಹಾಗೆ" ಎಂದೂ ಸೇರಿಸಿದೆ.

ಅವ್ವ ನಾಯಿಯ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಎಲ್ಲಾರೂ ಒಟ್ಗೇ ಓದ್ರು ಅಂದ್ಮ್ಯಾಲೆ ಇವ್ರಿಗೆ ಎಡೆ ಇಕ್ಕೋರು ಯಾರ್ಲಾ?"

"ಯಾರೂ ಇಲ್ಲ" ಎಂದು ನಕ್ಕೆ.

"ಅಯ್ಯೋ ಪಾಪಿ! ಪಕ್ಷದಾಗೆ, ದೀಪ ಅಚ್ಚಿದ್ ಒತ್ನಲ್ಲಿ, ಸತ್ತೋರ್ನ ಇಂಗೆ ಕೂಗ್ ಕರ್ದ್ಯಲ್ಲೋ! ಕರುದ್ಮ್ಯಾಲೆ ಬಂದೇ ಬತ್ತಾರೆ. ಬಂದೋರ್ಗೆ ಎಲೆ ಆಕ್ಬೇಕು. ಅವ್ರ್ನ ಸಮಾದಾನ ಮಾಡೋಗಂಟ ಆ ಊರಿಗ್ ಓಗೋ ಮಾತು ಎತ್ಬ್ಯಾಡ."

ಪಿತೃಪಕ್ಷ ನಡೆಯುತ್ತಿದೆ ಎಂಬುದೇ ನನಗೆ ಹೊಳೆದಿರಲಿಲ್ಲ. ಆ ದಿನಗಳಲ್ಲಿ ಸತ್ತವರ ಸುದ್ದಿ ಎತ್ತಿದರೆ ಅವರನ್ನು ಊಟಕ್ಕೆ ಕರೆದಂತೆ ಎಂಬುದು ನಮ್ಮ ಮನೆಯ ಲೆಕ್ಕ. ಅಮಾವಾಸ್ಯೆಯ ಸಂಜೆ ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿ, ತೀರಿಹೋದವರಿಗೆ ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ, ಅವರು ಉಂಡೇಳುವವರೆಗೆ ನಾವು ಹೊರಗೆ ಕೂತಿರಬೇಕು. ಅಪ್ಪನ ಎಲೆಯಲ್ಲಿ ಬೀಡಿಯ ಕಟ್ಟು ತಪ್ಪುವುದಿಲ್ಲ. ಈ ಸಲ ಸಾಲಿನ ಕೊನೆಗೆ ಪಾಂಪೆಯವರದೂ ಒಂದು ಎಲೆ.

"ಇಡೀ ಊರಿಗೆ ಒಂದೇ ಎಲೆಯೇ?" ಎಂದು ರೇಗಿಸಿದೆ.

"ಅಂಚ್ಕಂಡ್ ತಿಂತಾರೆ ಬುಡು. ಅವ್ರು ಏನ್ ತಿಂತಿದ್ರು?"

"ಬ್ರೆಡ್ಡು" ಎಂದೆ, ಸಿಟ್ಟಿನಿಂದ. ಅಮಾವಾಸ್ಯೆಯ ಬೆಳಿಗ್ಗೆ ಸಾವಿತ್ರಿ ಬೇಕರಿಯಿಂದ ಬನ್ನು ತಂದಳು. ನಾಯಿಗೆಂದು ಪಕ್ಕದಲ್ಲಿ ಚಿಕ್ಕ ಎಲೆಯನ್ನೂ ಹಾಕಿದಳು. ಈಕೆ ಬಿ.ಎ. ಪಾಸಾದವಳು. ನಾಯಿ ಯಾರ ಕಡೆಯ ಹಿರಿಯರ ಪೈಕಿ ಎಂದು ಕೇಳಿದೆ. ಒಂದು ಬನ್ನಿನಿಂದ ನನ್ನ ಭಾನುವಾರ ಉಳಿಯುವುದಾದರೆ ಉಳಿಯಲಿ ಎಂದು ಸುಮ್ಮನಾದೆ.

ಸಂಜೆ ಧೂಪ ಹಾಕಿ, ಬಾಗಿಲೆಳೆದು, ಮೂವರೂ ಜಗಲಿಯಲ್ಲಿ ಕೂತೆವು. ಮತ್ತೆ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸದ್ದು ಬಂತು. ಮೊದಲು ಮಳೆ ಎಂದುಕೊಂಡೆ. ಅಂಗಳ ಒಣಗಿಯೇ ಇತ್ತು. ರೇಷ್ಮೆ ಕೆಲಸದವನಿಗೆ ಗೊತ್ತಾಗದ ಸದ್ದಲ್ಲ ಅದು. ಹಣ್ಣಾಗಿ ಗೂಡು ಕಟ್ಟುವ ಮುಂಚೆ ಹಸಿದ ಹುಳುಗಳೆಲ್ಲ ಒಟ್ಟಿಗೆ ಸೊಪ್ಪು ಮೇಯುವಾಗ ಹೀಗೇ ಕೇಳುತ್ತದೆ. ಆದರೆ ನಾವು ಮನೆಯಲ್ಲಿ ಎಂದೂ ಹುಳು ಸಾಕಿದವರಲ್ಲ.

"ಇಲಿ" ಎಂದೆ.

"ಇಷ್ಟೊಂದು ಇಲಿ ಇದಾವೇನ್ರೀ?" ಎಂದಳು ಸಾವಿತ್ರಿ, ನನ್ನ ತೋಳು ಹಿಡಿದುಕೊಂಡು. ಸದ್ದು ಒಮ್ಮೆಗೇ ನಿಂತಿತು. ಒಂದೊಂದಾಗಿ ಅಲ್ಲ, ಎಲ್ಲವೂ ಕೂಡಿ ನಿಂತಿತು. ಅವ್ವ ಚಿಲಕ ಬಡಿದು ಬಾಗಿಲು ತೆಗೆದಳು.

ಎಲೆಗಳು ಇಟ್ಟಂತೆಯೇ ಇದ್ದವು. ನನಗೆ ಹೋದ ಜೀವ ಬಂತು. "ನೋಡಿ, ಒಂದು ತುಣುಕೂ ಮುಟ್ಟಿಲ್ಲ" ಎನ್ನುತ್ತಾ ಗೆದ್ದವನ ಹಾಗೆ ಬನ್ನು ಎತ್ತಿ ಮುರಿದೆ. ಒಳಗಿನಿಂದ ಹಬೆ ಬಂತು. ಬೆಳಿಗ್ಗೆ ತಂದ ಬನ್ನು, ಈಗ ಒಲೆಯಿಂದ ತೆಗೆದ ಹಾಗೆ ಬೆರಳು ಸುಡುತ್ತಿತ್ತು. ದೀಪದ ಶಾಖ ಎಂದೆ. ದೀಪ ಇದ್ದದ್ದು ಆಚೆ ತುದಿಯಲ್ಲಿ, ಅಪ್ಪನ ಎಲೆಯ ಪಕ್ಕ.

ಅವ್ವನ ಮುಖ ಮಾತ್ರ ಅರಳಿತು. "ಬಂದು ಉಂಡವ್ರೆ ಕಣ್ಲಾ. ಇನ್ನು ನೀನು ಓಗ್ದೆ ಇದ್ರೆ ಮರ್ವಾದೆ ಅಲ್ಲ. ಅಷ್ಟು ದೂರ್ದಿಂದ ನಮ್ಮನೇಗ್ ಬಂದವ್ರೆ, ನಾವು ಒಂದ್ ಕಿತ ತಿರುಗ್ ಓಗ್ಬ್ಯಾಡ್ವಾ?"

ಬೇಡಿದ್ದ ಅಪ್ಪಣೆ ಸಿಕ್ಕಿತು. ಅಷ್ಟರಲ್ಲಿ ನನಗೇ ಆ ಊರು ಬೇಡವಾಗಿತ್ತು. ಅವ್ವ ಬಿಡಲಿಲ್ಲ. ಹೊರಡುವ ದಿನದವರೆಗೂ ಬಂದವರಿಗೆಲ್ಲ, "ನನ್ ಮಗ ಅವ್ರ ಮನೇಗ್ ಓಗ್ತಾವ್ನೆ" ಎಂದು ಹೇಳುತ್ತಿದ್ದಳು.

ಇಟಲಿಯ ಆ ಭಾನುವಾರ ಕೋಡುಬಳೆಯ ಡಬ್ಬಿ ಹಿಡಿದು ಸ್ಟೇಷನ್ನಿಗೆ ಹೋದದ್ದು ನಿಜ. ರೈಲು ಬಂತು, ಬಾಗಿಲು ತೆರೆಯಿತು. ಒಳಗೆ ಕೂತಿದ್ದ ಮುದುಕನೊಬ್ಬ ನನ್ನನ್ನು ನೋಡಿ, ಪರಿಚಯದವನ ಹಾಗೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ನನ್ನ ಕಾಲು ಪ್ಲಾಟ್‌ಫಾರ್ಮ್ ಬಿಟ್ಟು ಏಳಲಿಲ್ಲ. ರೈಲು ಹೋದ ಮೇಲೆ ರೂಮಿಗೆ ಬಂದು ಕತ್ತಲಾಗುವವರೆಗೆ ಕೋಡುಬಳೆ ತಿಂದೆ.

ಊರಿಗೆ ಬಂದ ದಿನ ಅವ್ವ ನಡುಮನೆಯ ಕಂಬಕ್ಕೆ ಒರಗಿ ಕೂತು ಕೇಳಿದಳು. "ಓಗಿದ್ದೇನ್ಲಾ? ಎಲ್ರೂ ಚೆಂದಾಗವ್ರಾ?"

"ಹೋಗಿದ್ದೆ ಕಣವ್ವ. ಚೆನ್ನಾಗಿದ್ದಾರೆ."

ಅವ್ವ ವೀಳ್ಯದೆಲೆಗೆ ಸುಣ್ಣ ಸವರುತ್ತಾ, ಪಕ್ಕದ ಮನೆಯ ಸಮಾಚಾರ ಹೇಳಿದಷ್ಟೇ ಸಲೀಸಾಗಿ ಅಂದಳು, "ಅಂಗಾ? ನೀನು ಬರ್ಲೇ ಇಲ್ಲ ಅಂತಾವ್ರಲ್ಲ ಅವ್ರು."

"ಆ ಭಾನುವಾರವೂ ತರಬೇತಿ ಇಟ್ಟುಬಿಟ್ಟರು, ರಜೆ ಸಿಗಲಿಲ್ಲ" ಎಂದೆ. ಅವ್ವನಿಗಲ್ಲ. ಅವಳ ಹಿಂದಿದ್ದ ಖಾಲಿ ಮೂಲೆಯ ಕಡೆ ತಿರುಗಿ, ಮೇಲಧಿಕಾರಿಯ ಮುಂದೆ ನಿಂತವನ ಹಾಗೆ ಕೈ ಕಟ್ಟಿಕೊಂಡು, ಸ್ವಲ್ಪ ಜೋರಾಗಿಯೇ ಹೇಳಿದೆ.